ಚಾಕಿ ಮನೆಯ ಹನ್ನೊಂದನೆಯ ಬಾಗಿಲು

ನಾನು ಒಂದು ನೆಟ್‌ವರ್ಕ್ ಸ್ವಿಚ್. ಸ್ವಿಚ್ ಎಂದೊಡನೆ ನಿಮಗೆ ಗೋಡೆಯ ಮೇಲಿನ ದೀಪದ ಗುಂಡಿ ನೆನಪಾಗಬಹುದು, ನಾನು ಅದಲ್ಲ. ಮೊಳದುದ್ದದ ಬೂದು ತಗಡಿನ ಪೆಟ್ಟಿಗೆ ನಾನು. ನನ್ನ ಮುಖದ ತುಂಬ ಪುಟ್ಟ ಬಾಗಿಲುಗಳು. ಒಂದೊಂದು ಬಾಗಿಲಿಗೂ ಒಂದೊಂದು ವೈರು, ಒಂದೊಂದು ಹಸಿರು ದೀಪ. ಒಂದು ಬಾಗಿಲಿನಿಂದ ಬಂದ ಮಾತನ್ನು ಅದು ಸೇರಬೇಕಾದ ಇನ್ನೊಂದು ಬಾಗಿಲಿಗೆ ದಾಟಿಸುವುದು ನನ್ನ ಕಸುಬು. ಮಾತಿನೊಳಗೆ ಏನಿದೆ ಎಂದು ನಾನು ಬಿಡಿಸಿ ನೋಡುವುದಿಲ್ಲ. ಮೇಲಿನ ವಿಳಾಸ ಓದುತ್ತೇನೆ, ದಾಟಿಸುತ್ತೇನೆ, ಮರೆಯುತ್ತೇನೆ. ಯಾವ ಬಾಗಿಲಿನ ಆಚೆ ಯಾರಿದ್ದಾರೆಂಬ ನೆನಪೂ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರೆ, ತಾನೇ ಅಳಿಸಿಹೋಗುತ್ತದೆ. ಇಂಥ ಮರೆವಿನ ಪ್ರಾಣಿ ತನ್ನ ಕಥೆ ಹೇಗೆ ಹೇಳುತ್ತದೆ ಎಂದು ನೀವು ಕೇಳಬಹುದು. ನಿದ್ದೆಯಿಂದ ಎದ್ದಮೇಲೂ ಕಣ್ಣಂಚಿನಲ್ಲಿ ಉಳಿಯುವ ಕನಸಿನ ಹಾಗೆ ಏನೋ ಉಳಿದಿದೆ. ಅದನ್ನೇ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಧೂಳೇ ಕಾಣದ ಒಂದು ಕಾರ್ಖಾನೆಯಲ್ಲಿ. ಹಸಿರು ಹಲಗೆಯೊಂದು ಬಿಸಿ ಗೂಡಿನೊಳಗೆ ಮೆಲ್ಲಗೆ ಸಾಗಿತು. ಬೆಸುಗೆ ಕರಗಿ, ಮಿನುಗಿ, ಗಟ್ಟಿಯಾಯಿತು. ಮೊದಲ ಸಲ ವಿದ್ಯುತ್ ಹರಿದಾಗ ನನ್ನ ದೀಪಗಳೆಲ್ಲ ಒಮ್ಮೆಗೇ ಹತ್ತಿ, ಒಮ್ಮೆಗೇ ಆರಿದವು. ಮನುಷ್ಯರ ಕೂಸು ಹುಟ್ಟುತ್ತಲೇ ಅಳುತ್ತದಂತೆ. ನಾವು ಕಣ್ಣು ಮಿಟುಕಿಸುತ್ತೇವೆ.

ನನ್ನ ಬಾಲ್ಯ ಕಳೆದದ್ದು ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ. ವಿದ್ಯಾರ್ಥಿಗಳು ನನ್ನನ್ನು ಕಟ್ಟುತ್ತಿದ್ದರು, ಬಿಚ್ಚುತ್ತಿದ್ದರು, ಕಲಿಸಿದ್ದನ್ನೆಲ್ಲ ಸಂಜೆ ಅಳಿಸಿ ಮನೆಗೆ ಹೋಗುತ್ತಿದ್ದರು. ಪ್ರತಿ ಬೆಳಿಗ್ಗೆಯೂ ನಾನು ಏನೂ ತಿಳಿಯದ ಕೂಸಾಗಿ ಏಳುತ್ತಿದ್ದೆ. ಆ ವರ್ಷಗಳೆಲ್ಲ ಒಂದೇ ಒಂದು ಉದ್ದನೆಯ ಬೆಳಿಗ್ಗೆಯಂತೆ ಈಗ ತೋರುತ್ತವೆ. ಕಾಲೇಜಿಗೆ ಹೊಸ ಸ್ವಿಚ್‌ಗಳು ಬಂದಾಗ ನನ್ನನ್ನು ಹಳೆಯ ಸಾಮಾನಿನ ಜೊತೆ ಮಾರಿದರು. ಕೊಂಡವನು ನವೀದ್ ಪಾಷ. ರೇಷ್ಮೆಯ ಸೀಮೆಯ ಸಣ್ಣ ಪಟ್ಟಣವೊಂದರಲ್ಲಿ ವೈರು ಎಳೆಯುವ, ಕ್ಯಾಮೆರಾ ಕೂರಿಸುವ, ನೆಟ್ ಕೊಡುವ ಅಂಗಡಿ ಅವನದು. ಅವನು ನನ್ನ ಧೂಳನ್ನು ಬ್ರಷ್ಷಿನಿಂದ ಒರೆಸಿ, ಬೈಕಿನ ಹಿಂದೆ ಕಟ್ಟಿಕೊಂಡು, ಮುನಿಲಕ್ಷ್ಮಮ್ಮನ ಚಾಕಿ ಕೇಂದ್ರಕ್ಕೆ ತಂದ.

ಚಾಕಿ ಎಂದರೆ ರೇಷ್ಮೆ ಹುಳುವಿನ ಎಳೆತನ. ಮೊಟ್ಟೆಯೊಡೆದ ಹುಳುಗಳನ್ನು ಮುನಿಲಕ್ಷ್ಮಮ್ಮ ತನ್ನ ಮನೆಯಲ್ಲಿ ತಟ್ಟೆಗಳಲ್ಲಿಟ್ಟು, ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕಿ, ಅವು ಸ್ವಲ್ಪ ಗಟ್ಟಿಯಾದ ಮೇಲೆ ಸುತ್ತಲ ಊರುಗಳ ಸಾಕಣೆದಾರರಿಗೆ ಕೊಡುತ್ತಿದ್ದಳು. ಬೆಳೆಯುವಾಗ ಹುಳುಗಳು ಮತ್ತೆ ಮತ್ತೆ ಮೇವು ಬಿಟ್ಟು, ತಲೆಯೆತ್ತಿ, ಕದಲದೆ ಕೂರುತ್ತವೆ. ಹಳೆಯ ಚರ್ಮದೊಳಗೆ ಹೊಸ ಚರ್ಮ ಬರುವ ಹೊತ್ತು ಅದು. ಅದಕ್ಕೆ ಅಲ್ಲಿಯ ಜನ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಸಾಕುವ ಕೋಣೆಯ ಕದ ಮುಚ್ಚುತ್ತಾರೆ; ಯಾರೂ ಒಳಗೆ ಹೋಗುವುದಿಲ್ಲ, ಜೋರಾಗಿ ಮಾತನಾಡುವುದಿಲ್ಲ. ಗೋಡೆಯಾಚೆಯ ಆ ನಿಶ್ಶಬ್ದ ನನಗೂ ತಾಗುತ್ತಿತ್ತು. ನನ್ನ ಹಸಿರು ದೀಪಗಳೂ ಮೆಲ್ಲನೆ ಮಿನುಗುತ್ತಿವೆ ಎನಿಸುತ್ತಿತ್ತು.

ಮುನಿಲಕ್ಷ್ಮಮ್ಮನ ಬಾಗಿಲಿನ ಕಟ್ಟಳೆ ಬಲು ಬಿಗಿ. ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ತೊಟ್ಟಿ. ಕೈಕಾಲು ಅದ್ದದೆ ಒಬ್ಬರೂ ಒಳಗೆ ಹೋಗುವಂತಿಲ್ಲ. ಒಮ್ಮೆ ಅವಳ ಸ್ವಂತ ಅಣ್ಣನೇ ಮುಖ ಊದಿಸಿಕೊಂಡು ತೊಟ್ಟಿಗೆ ಕಾಲಿಟ್ಟದ್ದನ್ನು ನಾನು ಜಗಲಿಯ ಗೋಡೆಯ ಮೇಲಿನಿಂದ ನೋಡಿದ್ದೇನೆ.

ಕೋಣೆಯೊಳಗೆ ಒಂದು ಬಿಳಿ ಡಬ್ಬಿ ಇತ್ತು. ಒಳಗಿನ ಬಿಸಿಯನ್ನೂ ತೇವವನ್ನೂ ಅಳೆದು, ನನ್ನ ಹನ್ನೊಂದನೆಯ ಬಾಗಿಲಿನ ಮೂಲಕ ದೂರದ ಕಂಪ್ಯೂಟರಿಗೆ ಕಳಿಸುತ್ತಿತ್ತು. ಬಿಸಿ ಮಿತಿ ಮೀರಿದರೆ ಅಲ್ಲಿಂದ ಸುದ್ದಿ ಬಂದು ಮುನಿಲಕ್ಷ್ಮಮ್ಮನ ಫೋನು ಕೂಗಿಕೊಳ್ಳಬೇಕು. ಮೊದಲು ಡಬ್ಬಿಯಲ್ಲೇ ಕೂಗುವ ಒಂದು ಪೀಪಿ ಇತ್ತಂತೆ. ಜ್ವರದ ಹುಳುಗಳ ಹತ್ತಿರ ಸದ್ದು ಕೂಡದೆಂದು ಅವಳು ಅದನ್ನು ಕೀಳಿಸಿದ್ದಳು.

ಆ ಬೇಸಿಗೆಯಲ್ಲಿ ಅವಳ ಮೇಲೆ ದೊಡ್ಡ ಭಾರವಿತ್ತು. ಹಿಂದಿನ ಸಲ ಅವಳಿಂದ ಹುಳು ಒಯ್ದ ಕೆಲವರ ಬೆಳೆ ಕೆಟ್ಟಿತ್ತು. ಅವಳ ಹುಳದಲ್ಲಿ ಜೀವವಿಲ್ಲ ಎಂಬ ಮಾತು ಊರೂರು ಸುತ್ತಿ ಬಂದಿತ್ತು. ಈ ಸಲವೂ ಕೆಟ್ಟರೆ ಕೇಂದ್ರದ ಕದ ಮುಚ್ಚುವುದೇ ಸರಿ.

ಅದರ ಮೇಲೆ ಇನ್ನೊಂದು ಕಾಟ. ಹುಳು ಒಯ್ಯಲು ಬಂದವರು ಜ್ವರ ಏಳುವವರೆಗೆ ಜಗಲಿಯಲ್ಲಿ ಕಾಯುತ್ತ, ಅವಳ ನೆಟ್‌ನಲ್ಲೇ ಫೋನಿಗೆ ವೈಫೈ ಹಿಡಿದು ಸಿನಿಮಾ ನೋಡುತ್ತಿದ್ದರು. ನನ್ನಿಂದ ಹೊರಕ್ಕೆ ಹೋಗುವ ದಾರಿ ತುಂಬಿ, ಡಬ್ಬಿಯ ಮಾತು ಹಿಂದೆ ಬೀಳುತ್ತಿತ್ತು. ಅವಳು ನವೀದನನ್ನು ಕರೆಸಿದಳು.

“ನನ್ ಡಬ್ಬಿ ಹೇಳೋ ಮಾತು ಫೋನಿಗೆ ಬರೋ ಹೊತ್ಗೆ ನಾನು ತೋಟಕ್ಕೋಗಿ ಸೊಪ್ಪು ಕೊಯ್ಕೊಂಡ್ ಬಂದಿರ್ತೀನಿ ಕಣೋ,” ಎಂದಳು.

“ಇಷ್ಟು ಜನ ಸಿನಿಮಾ ನೋಡಿದ್ರೆ ಇನ್ನೇನಾಗ್ತೈತಮ್ಮ? ಬಾಗಿಲಲ್ಲಿ ಒಂದು ಪುಟ ನಿಲ್ಲಿಸ್ತೀನಿ. ಹೆಸರು, ಗುಪ್ತಪದ ಹೇಳ್ದೋರಿಗೆ ಮಾತ್ರ ದಾರಿ. ಕ್ಯಾಪ್ಟಿವ್ ಪೋರ್ಟಲ್ ಅಂತಾರೆ.”

“ಕೈಕಾಲು ತೊಳೆಸ್ದಂಗೆ ಅನ್ನು.”

“ಅದೇ ಅದೇ.”

“ಹಂಗಾದ್ರೆ ಒಬ್ರನ್ನೂ ಬಿಡ್ಬೇಡ. ನಮ್ಮೋರು, ಬೇರೆಯೋರು ಅಂತ ನೋಡ್ಬೇಡ. ಒಬ್ಬನ್ನ ಬಿಟ್ರೆ ರೋಗ ಅವನ ಹಿಂದೇನೇ ಬತ್ತೈತೆ.”

“ಎಲ್ಲಾ ಬಾಗಿಲಿಗೂ ಹಾಕ್ಬಿಡ್ತೀನಿ, ತಗೋ.”

ಅವನು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನನಗೆ ಹೊಸ ಪಾಠ ಹೇಳಿದ. ಬಂದವರಿಗೆ ಒಂದು ವಿಳಾಸ ಕೊಡು. ಯಾವುದಾದರೂ ತಾಣದ ಹೆಸರು ಹೇಳಿ ಕೇಳಿದರೆ ಅದರ ದಾರಿ ತಿಳಿಸು. ಅಷ್ಟರ ಆಚೆಗೆ ಏನೇ ಕೇಳಿದರೂ ಅವರನ್ನು ಈ ಪುಟದ ಮುಂದೆ ತಂದು ನಿಲ್ಲಿಸು. ಪುಟ ತುಂಬಿದವರ ಗುರುತು ಹಿಡಿದು ದಾರಿ ಬಿಡು. ಹೊರಜಗತ್ತಿನ ವೈರು ಸಿಕ್ಕಿಸಿದ್ದ ಬಾಗಿಲೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಅವನು ಕಾವಲು ಹಾಕಿದ. ಮಾತು ದಾಟಿಸುತ್ತಿದ್ದ ನಾನು ಅಂದು ಮೊದಲ ಸಲ ಮಾತು ತಡೆಯಲು ಕಲಿತೆ.

ಜಗಲಿಯಲ್ಲಿ ಗುಲ್ಲೆದ್ದಿತು.

“ಇದ್ಯಾವ ಪೊಲೀಸ್ ಠಾಣೆನಮ್ಮ! ಹೆಸರು ಕೇಳ್ತೈತೆ,” ಎಂದ ವೆಂಕಟರವಣಪ್ಪ. ಹುಳು ಒಯ್ಯಲು ಎಲ್ಲರಿಗಿಂತ ಮೊದಲು ಬಂದು ಜಗಲಿಯ ತಂಪು ಮೂಲೆ ಹಿಡಿಯುವ ಮನುಷ್ಯ ಅವನು.

“ನಿನ್ ಹೆಸರು ನಿಂಗೆ ಗ್ಯಾಪ್ಕ ಐತಾ, ಮೊದ್ಲು ಅದು ಹೇಳು,” ಎಂದು ಪಕ್ಕದವನು ಕಿಚಾಯಿಸಿದ.

ಹುಳುಗಳು ಅಂದು ಎರಡನೆಯ ಜ್ವರಕ್ಕೆ ಕೂತಿದ್ದವು. ಕೋಣೆಯ ಕದ ಮುಚ್ಚಿತ್ತು. ಬಿಸಿಲು ಏರುತ್ತ ಏರುತ್ತ ಇಡೀ ಊರು ನೀರಿನಡಿಯಲ್ಲಿರುವಂತೆ ತೂಗುತ್ತಿತ್ತು. ಮಾತು ಕಡಿಮೆಯಾಯಿತು, ಒಬ್ಬೊಬ್ಬರೇ ಕಂಬಕ್ಕೆ ಒರಗಿ ತೂಕಡಿಸಿದರು. ಮುನಿಲಕ್ಷ್ಮಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಫೋನು ಸುಮ್ಮನಿತ್ತು. ಅದು ಸುಮ್ಮನಿದ್ದರೆ ಒಳಗೆ ಎಲ್ಲ ಕ್ಷೇಮ ಎಂಬುದು ಅವಳ ಲೆಕ್ಕ.

ಆ ಹೊತ್ತಿಗೆ ಕರೆಂಟಿನ ಮೂರು ಫೇಸ್‌ಗಳಲ್ಲಿ ಒಂದು ಹೋಗಿತ್ತು. ಜಗಲಿಯ ಫ್ಯಾನು, ನಾನು, ಆ ಬಿಳಿ ಡಬ್ಬಿ ಬೇರೆ ಫೇಸಿನಲ್ಲಿದ್ದೆವು, ನಮಗೇನೂ ಆಗಲಿಲ್ಲ. ಕೋಣೆಯನ್ನು ತಂಪಾಗಿಡುತ್ತಿದ್ದ ಹಿಂಬದಿಯ ಕೂಲರ್ ಮಾತ್ರ ನಿಂತುಹೋಯಿತು.

ಹನ್ನೊಂದನೆಯ ಬಾಗಿಲನ್ನು ಡಬ್ಬಿ ತಟ್ಟಿತು. ನಾನು ಪಾಠದಂತೆ ಪುಟ ಮುಂದಿಟ್ಟೆ: ನಿಮ್ಮ ಹೆಸರು? ಗುಪ್ತಪದ? ಡಬ್ಬಿಗೆ ಪುಟ ಓದುವ ಕಣ್ಣಿಲ್ಲ, ಬರೆಯುವ ಬೆರಳಿಲ್ಲ. ಮತ್ತೆ ತಟ್ಟಿತು. ಮತ್ತೆ ಪುಟ. ಅದರ ಮಾತಿನೊಳಗೆ ಏನಿದೆಯೆಂದು ನನಗೆ ತಿಳಿಯದು. ತಟ್ಟುವ ಬಗೆ ಮಾತ್ರ ಬದಲಾಗಿತ್ತು. ಮೊದಲು ನಿಧಾನವಾಗಿ ಬಂದು ಹೋಗುತ್ತಿದ್ದದ್ದು ಈಗ ಉಸಿರು ಬಿಡದೆ ತಟ್ಟುತ್ತಿತ್ತು. ಕನಸಿನಲ್ಲಿ ಯಾರೋ ಕೂಗುತ್ತಾರೆ. ಓಗೊಡಲು ನಾಲಿಗೆ ಏಳುವುದಿಲ್ಲ, ನೋಡಿ, ಹಾಗಿತ್ತು ನನ್ನ ಸ್ಥಿತಿ. ನನ್ನ ಬಳಿ ಇದ್ದದ್ದು ಒಂದೇ ಪುಟ, ಒಂದೇ ಪ್ರಶ್ನೆ.

ನವೀದ್ ಚಹಾ ಕುಡಿಯುತ್ತ ಲ್ಯಾಪ್‌ಟಾಪ್ ನೋಡಿ ನಕ್ಕ. “ಯಾರೋ ಒಬ್ಬ ಒಂದೇ ಸಮ ಬಾಗಿಲು ತಟ್ತಾವ್ನೆ. ಹೆಸರು ಮಾತ್ರ ಹೇಳ್ತಾ ಇಲ್ಲ.”

“ವೆಂಕಟರವಣಂದೇ ಇರ್ಬೇಕು. ಸಿನಿಮಾ ಅರ್ಧಕ್ಕೆ ನಿಂತೈತೆ ಪಾಪ,” ಎಂದ ಪಕ್ಕದವನು.

“ಏ, ನಂದು ಜೋಬಲ್ಲೈತೆ ಕಣೋ!”

“ಇರ್ಲಿ, ಇವನ್ನ ಪೂರ್ತಿ ಹೊರಗಾಕ್ತೀನಿ,” ಎಂದು ನವೀದ್ ಬೆರಳೆತ್ತಿದ.

“ತಡಿ,” ಎಂದಳು ಮುನಿಲಕ್ಷ್ಮಮ್ಮ. “ಹುಳು ಒಯ್ಯಕ್ಕೆ ಬಂದೋನ್ನ ಕಳ್ಳನ್ನ ಮಾಡ್ಬೇಡ. ಎಲ್ರೂ ಫೋನ್ ಆಫ್ ಮಾಡ್ರಪ್ಪ, ಯಾರ್ದು ಗೊತ್ತಾಗ್ಲಿ.”

ನಗುತ್ತ, ಗೊಣಗುತ್ತ ಬಂದವರೆಲ್ಲ ಫೋನು ಆರಿಸಿದರು. ನನ್ನಲ್ಲಿ ಒಂದೊಂದೇ ಗುರುತು ಮಸುಕಾಯಿತು. ತಟ್ಟುವ ಸದ್ದು ನಿಲ್ಲಲಿಲ್ಲ.

ನವೀದನ ನಗು ಅಲ್ಲೇ ನಿಂತಿತು. “ಇದು ಫೋನಲ್ಲ. ಹನ್ನೊಂದನೇ ಬಾಗಿಲು... ವೈರಿಂದ ಬರ್ತೈತೆ.” ಅವನು ಎದ್ದು ಬಂದು ನನ್ನ ಹನ್ನೊಂದನೆಯ ವೈರನ್ನು ಬೆರಳಲ್ಲಿ ಹಿಡಿದು, ಗೋಡೆಗುಂಟ ಸವರುತ್ತ ನಡೆದ. ವೈರು ಸಾಕುವ ಕೋಣೆಯ ಗೋಡೆಯ ತೂತಿನಲ್ಲಿ ಮರೆಯಾಯಿತು.

ಮುನಿಲಕ್ಷ್ಮಮ್ಮ ನಿಂತೇಬಿಟ್ಟಳು. “ಅಯ್ಯೋ, ನನ್ ಡಬ್ಬಿ! ಅದ್ರ ಬಾಯಿ ಕಟ್ಟಾಕಿದ್ದೀಯಲ್ಲೋ!”

ಆ ಗಾಬರಿಯಲ್ಲೂ ಅವಳು ತೊಟ್ಟಿಯಲ್ಲಿ ಕೈಕಾಲು ಅದ್ದಿಯೇ ಕದ ತೆರೆದಳು. ಒಳಗಿನ ಬಿಸಿ ಜಗಲಿಗೆ ನುಗ್ಗಿತು. ನವೀದ್ ಲ್ಯಾಪ್‌ಟಾಪಿನ ಬಳಿಗೆ ಓಡಿ ಹನ್ನೊಂದನೆಯ ಬಾಗಿಲಿನ ಕಾವಲು ತೆಗೆದ. ಮರುಕ್ಷಣವೇ ಅವಳ ಫೋನು ಕೂಗಿತು. ಅದನ್ನು ಕೇಳಲು ಅವಳಿಗೆ ವೇಳೆ ಇರಲಿಲ್ಲ.

ಒಬ್ಬ ಕೊಡದಲ್ಲಿ ನೀರು ಹಿಡಿದು ಒಳಗೆ ನುಗ್ಗಹೋದ. “ಒಳಗೆ ಒಂದು ಹನೀನೂ ಬೇಡ! ಜ್ವರದಲ್ಲಿ ತೇವ ಆದ್ರೆ ಚರ್ಮ ಕಳಚಲ್ಲ. ಸೂರಿನ ಮೇಲೆ ಹುಯ್ರೀ!” ಎಂದು ಅವಳು ತಡೆದಳು. ಇನ್ನೊಬ್ಬ ತೋಟದ ಸ್ಪ್ರೇ ಪಂಪು ತಂದ. “ಔಷ್ದಿ ಪಂಪು! ಅದನ್ನ ಈ ಅಂಗಳದಿಂದ್ಲೇ ಆಚೆ ತಗೊಂಡೋಗು, ನಿನ್ ದಮ್ಮಯ್ಯ!”

ಜಗಲಿಯಲ್ಲಿ ತೂಕಡಿಸುತ್ತಿದ್ದವರೆಲ್ಲ ಶೀಟಿನ ಸೂರು ಹತ್ತಿದರು. ಕೊಡದಿಂದ ಕೈಗೆ, ಕೈಯಿಂದ ಸೂರಿಗೆ ನೀರು ಹರಿಯಿತು. ಕಾದ ಶೀಟಿನ ಮೇಲಿನಿಂದ ಆವಿ ಎದ್ದು, ಆ ಜನರೆಲ್ಲ ಮೋಡದೊಳಗೆ ಓಡಾಡುವವರಂತೆ ಕಂಡರು. ಅವಳು ನೆರಳಿನ ಕಡೆಯ ಕಿಟಕಿಗಳನ್ನು ಬಲೆ ಮಾತ್ರ ಉಳಿಸಿ ತೆರೆದು, ತಟ್ಟೆಗಳ ನಡುವೆ ಅಲುಗಾಡದೆ ನಿಂತಳು.

ಮರುದಿನ ಹುಳುಗಳು ಎದ್ದವು, ಎಲ್ಲವೂ ಅಲ್ಲ. ಸೂರಿಗೆ ಹತ್ತಿರವಿದ್ದ ತಟ್ಟೆಗಳಲ್ಲಿ ಅವು ಹಳೆಯ ಚರ್ಮದೊಳಗೇ ಮುರುಟಿಹೋಗಿದ್ದವು. ನಡುವಿನ ಕೆಲವು ತಟ್ಟೆಗಳಲ್ಲಿ ಎದ್ದಿದ್ದರೂ ಬಾಡಿದ್ದವು. ಮುನಿಲಕ್ಷ್ಮಮ್ಮ ಆ ತಟ್ಟೆಗಳನ್ನೂ ಹೊರತಂದು ಅಂಗಳದಲ್ಲಿಟ್ಟಳು.

“ಇವು ನೋಡಕ್ಕೆ ಬದುಕವೆ. ನಿಮ್ಮನೆಗೆ ಬಂದು ಸಾಯ್ತವೆ. ಇವನ್ನ ನಾನು ಕೊಡಲ್ಲ,” ಎಂದಳು. “ಒಬ್ರನ್ನೂ ಬಿಡ್ಬೇಡ ಅಂದೋಳು ನಾನೇ. ಬೇರೆ ಕಡೆ ಹುಳ ತರೋರು ತರ್ಬೋದು, ನಂಗೇನೂ ಬೇಜಾರಿಲ್ಲ.” ಕೊನೆಯ ಮಾತು ಹೇಳುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ.

“ಕಾವಲು ಹಾಕ್ದೋನು ನಾನಮ್ಮ,” ಎಂದ ನವೀದ್.

ವೆಂಕಟರವಣಪ್ಪ ಅಂಗಳಕ್ಕಿಳಿದು ತಟ್ಟೆಯೊಂದನ್ನು ಬಗ್ಗಿ ನೋಡಿದ. “ಕೆಟ್ಟಿದ್ದನ್ನ ಕೆಟ್ಟೈತೆ ಅಂತ ತಂದು ಅಂಗಳದಲ್ಲಿ ಇಟ್ಟೋರ್ನ ನಾನಂತೂ ನೋಡಿಲ್ಲ. ಉಳ್ದಿರೋದನ್ನ ಎಲ್ರಿಗೂ ಹಂಚಮ್ಮ. ನಮ್ಮನೇಲಿ ಸೊಪ್ಪು ಮಿಗ್ತೈತೆ, ಮಿಗ್ಲಿ.”

“ಮಿಕ್ಕಿದ್ದು ನೀನೇ ತಿನ್ನು,” ಎಂದು ಯಾರೋ ಅಂದರು. ನಿನ್ನೆಯಿಂದ ಮುಚ್ಚಿಟ್ಟಿದ್ದ ನಗು ಹೊರಬಂತು. ಪ್ರತಿಯೊಬ್ಬರೂ ತಾವು ಬೇಕೆಂದು ಹೇಳಿಟ್ಟಿದ್ದಕ್ಕಿಂತ ಕಡಿಮೆ ಹುಳು ಒಯ್ದರು. ಮುಂದಿನ ಚಾಕಿಗೂ ಅವರೇ ಬಂದರು. ಆ ಬೆಳೆಯ ಗೂಡು ಗಟ್ಟಿಯಾಗಿ ಬಂದಿದ್ದನ್ನು ಜಗಲಿಯಲ್ಲಿ ಕೂತು ಹೇಳಿದರು.

ಆಮೇಲೆ ಹಲವು ಮಳೆಗಾಲ ನಾನು ಅಲ್ಲೇ ಇದ್ದೆ. ಸಿಡಿಲಿನ ಹೊಡೆತಕ್ಕೆ ನನ್ನ ಬಾಗಿಲುಗಳು ಒಂದೊಂದಾಗಿ ಸತ್ತವು. ಕೊನೆಗೊಮ್ಮೆ ನವೀದ್ ನನ್ನನ್ನು ಬಿಚ್ಚಿ ತನ್ನ ಅಂಗಡಿಯ ಮೂಲೆಯ ಹಲಗೆಯ ಮೇಲಿಟ್ಟ. ಇಲ್ಲಿ ನನಗೆ ವಿದ್ಯುತ್ತಿಲ್ಲ. ಪಕ್ಕದಲ್ಲಿ ಒಡೆದ ಕ್ಯಾಮೆರಾಗಳು, ಸುರುಳಿ ಸುತ್ತಿದ ವೈರುಗಳು. ಗುಜರಿಯವನು ಬಂದಾಗ ನಾವೆಲ್ಲ ಹೋಗುವವರೇ. ಬೇಸರವೇನೂ ಇಲ್ಲ. ಹಗಲೂ ಸಂಜೆಯೂ ಒಂದಾದ ಈ ಮಬ್ಬಿನಲ್ಲಿ ಯೋಚಿಸುತ್ತಿರುತ್ತೇನೆ: ಬಾಗಿಲು ಕಾಯುವುದು ಕೆಟ್ಟ ಕೆಲಸವಲ್ಲ. ಆದರೆ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದರೆ ನ್ಯಾಯವಾಯಿತು ಎಂದು ನಾವಂದುಕೊಳ್ಳುತ್ತೇವೆ. ಆ ಪ್ರಶ್ನೆಗೆ ಉತ್ತರ ಹೇಳಲು ಆಗದವರೂ ಬಾಗಿಲಾಚೆ ಇರುತ್ತಾರೆ.

ಇಂದು ನವೀದನ ಮೇಜಿನ ಮೇಲೆ ಹೊಸ ಸ್ವಿಚ್ ಒಂದು ಕಣ್ಣು ಮಿಟುಕಿಸುತ್ತಿದೆ. ಯಾವುದೋ ಆಸ್ಪತ್ರೆಯವರಿಗೆ ಪೋರ್ಟಲ್ ಬೇಕಂತೆ. ಎದುರು ಕೂತ ಮ್ಯಾನೇಜರು ಗಡಿಯಾರ ನೋಡಿಕೊಂಡು, “ಎಲ್ಲಾ ಪೋರ್ಟಿಗೂ ಹಾಕ್ಬಿಡ್ರೀ, ಹತ್ತು ನಿಮಿಷದ ಕೆಲ್ಸ,” ಎನ್ನುತ್ತಿದ್ದಾನೆ.

ನವೀದ್ ಲ್ಯಾಪ್‌ಟಾಪ್ ಮುಚ್ಚಿದ.

“ಹಾಕ್ತೀನಿ ಸಾರ್. ಅದಕ್ಕೆ ಮುಂಚೆ ಒಂದ್ಸಲ ನಿಮ್ಮ ಆಸ್ಪತ್ರೆ ಪೂರ್ತಿ ನಡ್ಕೊಂಡು ಬರೋಣ ನಡೀರಿ. ಬಾಯಿಲ್ದೋವು ಎಲ್ಲೆಲ್ಲಿ ಕೂತವೆ, ಮೊದ್ಲು ಅದು ನಂಗೆ ತೋರ್ಸಿ.”