ಬೆರಳಿರುವ ಕಣಜ

ಕಿಟಕಿಯ ಚೌಕಟ್ಟಿಗೆ ಅಂಟಿದ್ದ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಗಿಸಿದ ಮೇಲೆ ಅವಳಿಗೆ ಪಕ್ಕದಲ್ಲಿದ್ದ ಪೆನ್ಸಿಲ್ ಗುರುತು ಕಂಡಿತು. ಆ ಲ್ಯಾಬಿನಲ್ಲಿ ನಡೆಯುತ್ತಿದ್ದುದು ಮಣ್ಣುಗೂಡು ಕಟ್ಟುವ ಕಣಜಗಳ ಮೇಲಿನ ಸಂಶೋಧನೆ. ಕಿಟಕಿಗಳನ್ನು ತೆರೆದೇ ಇಡುತ್ತಿದ್ದರು. ಕಣಜ ಎಲ್ಲಿ ಮಣ್ಣು ತಂದು ಮೆತ್ತಿದರೂ ಪಕ್ಕದಲ್ಲೊಂದು ಗುರುತು ಹಾಕಿ, ಗೂಡಿನ ಗೋಡೆ ಎಷ್ಟೆಷ್ಟು ಬೆಳೆಯಿತೆಂದು ಅಳೆಯುತ್ತಿದ್ದರು. ಅಡುಗೆಮನೆ ಕಟ್ಟೆ ಒರೆಸುವ ಹಾಗೆ ಅವಳು ಒರೆಸಿ ಹಾಕಿದ್ದು ಅಂಥದೊಂದು ಗೂಡನ್ನು.

 ಕೈ ಸುಮ್ಮನಿರಲಿಲ್ಲ. ಉಳಿದವರು ಚಹಾಕ್ಕೆ ಹೋಗಿದ್ದರು. ಕಣಜಗಳಿಗೆಂದು ತಟ್ಟೆಯಲ್ಲಿ ಕಲಸಿಟ್ಟಿದ್ದ ಮಣ್ಣನ್ನು ಒಂದಿಷ್ಟು ತೆಗೆದು, ಹೆಬ್ಬೆರಳಿನಿಂದ ಒತ್ತಿ, ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಮೆತ್ತಿದಳು. ಬಟ್ಟೆಯನ್ನು ತೊಳೆದು ಒಣಹಾಕಿದಳು. ಯಾರು ನೋಡಿದರೂ ಏನೂ ನಡೆದಿಲ್ಲ ಎನ್ನಬೇಕು, ಹಾಗೆ.

ಈ ಕೈಚಳಕ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಊರಿನ ಆಚೆ ಬದಿಯಲ್ಲಿ, ಎಲ್ಲರೂ ದೊಡ್ಡ ಸರ್ ಎಂದು ಕರೆಯುವ ಹೆಸರಾಂತ ಪ್ರೊಫೆಸರರ ಲ್ಯಾಬಿದೆ. ಅಲ್ಲಿ ಅವಳು ಒಂದು ವರ್ಷದಿಂದ ಸಹಾಯಕಿ. ಅಲ್ಲಿ ಗಾಜು ಒಡೆದರೆ ಸದ್ದು ಅಡಗುವುದರೊಳಗೆ ಚೂರುಗಳು ಮಾಯ. ದೊಡ್ಡ ಸರ್ ಬೈಯುವವರಲ್ಲ, ದನಿ ಕೂಡ ಏರಿಸುವವರಲ್ಲ. ತಪ್ಪು ಮಾಡಿದವರ ಮುಖವನ್ನು ತಿಂಗಳುಗಟ್ಟಲೆ ನೋಡುತ್ತಿರಲಿಲ್ಲ, ಅಷ್ಟೇ. ಅದಕ್ಕಿಂತ ಎರಡು ಏಟು ಬಿದ್ದರೂ ವಾಸಿ ಎಂದು ಅಲ್ಲಿಯವರೆಲ್ಲ ಒಳಗೊಳಗೇ ಅಂದುಕೊಳ್ಳುತ್ತಿದ್ದರು.

ಅದೇ ದೊಡ್ಡ ಸರ್ ಈಗ ಪಿಎಚ್.ಡಿ.ಗೆ ಅವಳನ್ನು ತೆಗೆದುಕೊಳ್ಳಲು ಒಪ್ಪಿದ್ದರು. ಇವತ್ತು ಸಂಜೆಯೊಳಗೆ ಹೂಂ ಎನ್ನಬೇಕಿತ್ತು. ಅವರ ಶಿಷ್ಯೆ ಅಂದರೆ ಕಣ್ಣು ಮುಚ್ಚಿ ಕೆಲಸ ಕೊಡುತ್ತಾರೆ ಎಂದು ಚಿಕ್ಕಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಆಗಿತ್ತು. ಅಪ್ಪನಂತೂ ಮಗಳು ಆಗಲೇ ಡಾಕ್ಟರ್ ಆದ ಹಾಗೆ ಬೀಗುತ್ತಿದ್ದರು. ಆದರೂ ಅವಳು, ಅಕ್ಕನ ಮನೆಗೆ ಹೋಗುತ್ತೇನೆಂದು ರಜೆ ಹಾಕಿ, ಯಾರೂ ಹೆಸರು ಕೇಳಿರದ ಈ ಕಣಜದ ಲ್ಯಾಬಿನ ಮೇಡಂ ಹತ್ತಿರ ಬಂದಿದ್ದಳು. ವಾರದ ಮಟ್ಟಿಗೆ ಬಂದು ಕೂತು ನೋಡು, ನನ್ನನ್ನು ನೀನು ಸಹಿಸಿದರೆ, ನಿನ್ನನ್ನು ನಾನು ಸಹಿಸಿದರೆ ಆಮೇಲೆ ಮಾತಾಡೋಣ ಎಂದಿದ್ದರು ಮೇಡಂ. ಇವತ್ತು ಕೊನೆಯ ದಿನ. ಇವತ್ತೇ ಈ ಎಡವಟ್ಟು.

ಚಹಾ ಮುಗಿಸಿ ಬಂದ ಮೇಡಂ ಭೂತಗನ್ನಡಿ ಹಿಡಿದು ಚೌಕಟ್ಟಿನ ಹತ್ತಿರ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಇಲ್ಲಿ ಬನ್ರಪ್ಪ," ಎಂದರು. "ಹೊಸ ಜಾತಿ ಕಣಜ ಸಿಕ್ಕಿದೆ. ಇದಕ್ಕೆ ಬೆರಳಿದೆ."

ಮೇಡಂಗೆ ಇದ್ದದ್ದು ಇಬ್ಬರೇ ವಿದ್ಯಾರ್ಥಿಗಳು. ಗಡ್ಡದವನು ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಇಣುಕಿ, ಹೆಬ್ಬೆಟ್ಟಿನ ಗೆರೆ ಚೆನ್ನಾಗಿ ಮೂಡಿದೆ, ಆದರೆ ತನ್ನದಲ್ಲ ಎಂದ. ಕನ್ನಡಕದ ಹುಡುಗಿ ತನ್ನದೂ ಅಲ್ಲ ಎಂದಳು. ಮೊನ್ನೆ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು ಕಣಜಗಳನ್ನೆಲ್ಲ ಹಾರಿಸಿಬಿಟ್ಟದ್ದು ಮಾತ್ರ ತನ್ನ ಸಾಧನೆ ಎಂದು ನಕ್ಕಳು. ಇಬ್ಬರ ಮುಖದಲ್ಲೂ ಹೆದರಿಕೆ ಇರಲಿಲ್ಲ. ಅದನ್ನು ಕಂಡು ಅವಳಿಗೆ ಹೊಟ್ಟೆಕಿಚ್ಚಾಯಿತು.

ದೊಡ್ಡ ಸರ್ ಲ್ಯಾಬಿನಲ್ಲಿ ಇಂಥ ಹೊತ್ತಿಗೆ ಎಲ್ಲರೂ ತಪ್ಪನ್ನು ಕಸ ಗುಡಿಸುವ ಅಮ್ಮನ ಮೇಲೆ ಎತ್ತಿಹಾಕುತ್ತಿದ್ದರು. ಅವಳೂ ಒಂದೆರಡು ಸಲ ಹಾಗೆ ಮಾಡಿದ್ದುಂಟು. ಇಲ್ಲೂ ಕಸ ಗುಡಿಸಲು ಒಬ್ಬರು ಬರುತ್ತಿದ್ದರು. ಅವರೇ ಇರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ನಾನು ಮೇಡಂ," ಎಂದಳು. "ಕೊಳೆ ಅಂದ್ಕೊಂಡು ಒರೆಸಿದ್ದೂ ನಾನೇ, ಮೆತ್ತಿದ್ದೂ ನಾನೇ."

ಮೇಡಂ ತಿರುಗಿ ಅವಳ ಮುಖವನ್ನೇ ನೋಡಿದರು. "ಎಷ್ಟು ಹೊತ್ತಿಗೆ?"

ಈ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. ಅವರು ಚಹಾಕ್ಕೆ ಹೊರಟ ಕೂಡಲೇ ಎಂದು ತಡವರಿಸಿದಳು. ಗಡ್ಡದವನು ಗೂಡಿನ ಅಳತೆ ಬರೆಯುವ ಬೋರ್ಡಿನ ಮೇಲೆ ಅದನ್ನು ಹಾಗೆಯೇ ಬರೆದ.

"ಒರೆಸೋದು ಎಲ್ರೂ ಒರೆಸ್ತಾರೆ. ನಾನೂ ಒರೆಸಿದೀನಿ," ಎಂದರು ಮೇಡಂ. ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಆದ್ರೆ ಇಷ್ಟು ನಾಜೂಕಾಗಿ ಮೆತ್ತೋದು ಎಲ್ಲಿ ಕಲಿತೆ?"

 ವರ್ಷವಿಡೀ ತಾನು ಕಲಿತದ್ದರಲ್ಲಿ ಅಚ್ಚುಕಟ್ಟಾಗಿ ಬರುತ್ತಿದ್ದುದು ಇದೊಂದೇ ಎನಿಸಿ ಅವಳಿಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂತು. ಮೇಡಂ ಉತ್ತರಕ್ಕೆ ಕಾಯಲಿಲ್ಲ. ಮೆತ್ತಿದ್ದನ್ನು ಕೀಳಬೇಡ, ಕಣಜ ಬಂದು ಏನು ಮಾಡುತ್ತದೋ ನೋಡೋಣ ಎಂದು ಒಂದು ಸ್ಟೂಲನ್ನು ಅವಳ ಕಡೆ ತಳ್ಳಿ, ಇನ್ನೊಂದರ ಮೇಲೆ ತಾವು ಕೂತರು.

"ಮೇಡಂ, ನನಗೆ ಇಲ್ಲಿ ಜಾಗ..."

"ನನ್ನ ಅಡ್ಡಿ ಇಲ್ಲ. ಆದ್ರೆ ನನ್ನ ಹೆಸರು ಹೇಳಿದ್ರೆ ನಿಂಗೆ ಯಾರೂ ಕೆಲಸ ಕೊಡಲ್ಲ. ಅದನ್ನ ಈಗ್ಲೇ ಹೇಳಿಬಿಡ್ತೀನಿ. ಆಮೇಲೆ ನನ್ನನ್ನ ಬೈಕೋಬೇಡ." ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಸೇರಿಸಿದರು: "ಬರ್ತಾ ಇದೆ. ಅಲ್ಲಾಡ್ಬೇಡ."

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಬ್ಯಾಗಿನೊಳಗೆ ಫೋನ್ ಗುಂಯ್‌ಗುಡತೊಡಗಿತು. ಕೈ ಚಾಚಿದರೆ ಸಿಗುವಷ್ಟು ದೂರ. ಯಾರದೆಂದು ಅವಳಿಗೆ ಗೊತ್ತಿತ್ತು. ದೊಡ್ಡ ಸರ್ ಯಾರಿಗೂ ಎರಡನೇ ಸಲ ಫೋನ್ ಮಾಡುವವರಲ್ಲ ಎಂಬುದೂ ಗೊತ್ತಿತ್ತು.

ಕಣಜ ಮಣ್ಣಿನ ಉಂಡೆಯನ್ನು ಕಚ್ಚಿಕೊಂಡು ಚೌಕಟ್ಟಿನ ಮೇಲೆ ಇಳಿಯಿತು. ಹೆಬ್ಬೆಟ್ಟಿನ ಗೆರೆಯಿದ್ದ ಗೋಡೆಯ ಸುತ್ತ ಮೀಸೆ ಆಡಿಸುತ್ತ ಒಂದು ಸುತ್ತು ಬಂತು. ಫೋನ್ ಇನ್ನೂ ಗುಂಯ್‌ಗುಡುತ್ತಿತ್ತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಾಡದೆ ಕೂತಿದ್ದಳು. ಸದ್ದು ನಿಂತಿತು. ಕಣಜ ಸ್ವಲ್ಪ ಆಚೆಗೆ ಸರಿದು, ಅವಳು ಒರೆಸಿ ಹಾಗೇ ಬಿಟ್ಟಿದ್ದ ಬರಿ ಮರದ ಮೇಲೆ ಉಂಡೆಯನ್ನು ಇಟ್ಟು ಒತ್ತತೊಡಗಿತು.