ಮಾವನ ತೋಳಿನ ಪಟ್ಟಿ

ಬಸುರಿ ಹೆಂಗಸಿಗೆ ಬುದ್ಧಿ ಹೇಳದವರು ಯಾರಿದ್ದಾರೆ? ಎಡಗಡೆಗೆ ಮಲಗು ಅನ್ನುವವರು, ಭಾರ ಎತ್ತಬೇಡ ಅನ್ನುವವರು, ಇಷ್ಟು ತಿಂದರೆ ಏನು ಸಾಲುತ್ತದೆ ಅನ್ನುವವರು. ನಮ್ಮ ಟೈಲರಮ್ಮನ ಅಂಗಡಿಗೆ ಬಟ್ಟೆಯ ಅಳತೆ ಕೊಡಲು ಬಂದವರೂ ಒಂದಿಷ್ಟು ಬುದ್ಧಿ ಬಿಟ್ಟೇ ಹೋಗುತ್ತಿದ್ದರು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ ಅಷ್ಟೇ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ಗೋಡೆಗೆ ಕನ್ನಡಿ, ಮೊಳೆಗೆ ನೇತುಹಾಕಿದ ಅಳತೆ ಟೇಪು. ಬೀದಿಯವರು ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿತ್ತು.

ತಿಂಗಳ ತಪಾಸಣೆಗೆ ಹೋದಾಗ ಆರೋಗ್ಯ ಕೇಂದ್ರದ ಸಿಸ್ಟರ್ ಅವಳ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಇನ್ನೊಮ್ಮೆ ನೋಡಿದರು.

"ನೂರ ನಲವತ್ತೆರಡಕ್ಕೆ ತೊಂಬತ್ತೆರಡು. ಜಾಸ್ತಿ ಇದೆಯಮ್ಮ. ಮೂತ್ರ ಪರೀಕ್ಷೆ ಮಾಡಿಸು. ನಾಡಿದ್ದು ಬಂದುಬಿಡು, ಡಾಕ್ಟ್ರಿಗೂ ತೋರಿಸೋಣ."

ಅವತ್ತು ಮೂತ್ರ ಪರೀಕ್ಷೆಯ ಕಿಟಕಿಯ ಮುಂದೆ ಸಾಲು ಉದ್ದವಿತ್ತು. ನಾಡಿದ್ದು ಹೇಗೂ ಬರಬೇಕಲ್ಲ ಎಂದುಕೊಂಡು ಟೈಲರಮ್ಮ ಮನೆಗೆ ಬಂದಳು. ದಾರಿಯುದ್ದಕ್ಕೂ ಅದೇ ಯೋಚನೆ. ಬಿಪಿ ಅಂದರೆ ವಯಸ್ಸಾದವರ ಕಾಯಿಲೆ ಎಂದು ತಿಳಿದವಳು ಅವಳು. ತನಗೇಕೆ ಬಂತು? ಮಗುವಿಗೆ ಏನಾಗುತ್ತದೆ?

ಅತ್ತೆ ಸೊಸೆಯ ಮುಖ ನೋಡಿಯೇ ವಿಷಯ ಕೇಳಿಕೊಂಡರು.

"ಅಯ್ಯೋ, ಅದಕ್ಕ್ಯಾಕೆ ಇಷ್ಟು ಮುಖ ಸಣ್ಣ ಮಾಡ್ಕೊಂಡಿದ್ದೀಯ? ಆಸ್ಪತ್ರೆ ವಾಸನೆಗೇ ನನಗೂ ಏರುತ್ತೆ. ನಮ್ಮನೇಲೇ ಮಿಷನ್ ಇದೆಯಲ್ಲ, ನಿಮ್ಮ ಮಾವಂದು. ಇಲ್ಲೇ ನೋಡೋಣ ಬಾ."

ಮಾವ ಬೇಕರಿಯವರು. ಹಿಟ್ಟು ನಾದಿ ನಾದಿ ತೋಳು ಕಂಬದ ಹಾಗೆ ಮಾಡಿಕೊಂಡಿದ್ದರು. ಅವರ ಬಿಪಿ ನೋಡಲು ಮಗ ಒಂದು ಮಿಷನ್ ತಂದುಕೊಟ್ಟಿದ್ದ. ಅತ್ತೆ ಅದರ ಪಟ್ಟಿಯನ್ನು ಸೊಸೆಯ ತೋಳಿಗೆ ಬಿಗಿಯಾಗಿ ಸುತ್ತಿ ಗುಂಡಿ ಒತ್ತಿದರು. ಮಿಷನ್ ಗುರ್‍ರೆಂದು ಉಬ್ಬಿ, ಇಳಿದು, ನೂರ ಇಪ್ಪತ್ತಾರಕ್ಕೆ ಎಂಬತ್ತು ತೋರಿಸಿತು.

"ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದು ಅತ್ತೆ ಗೆದ್ದವರಂತೆ ನಕ್ಕರು.

ಟೈಲರಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಮರುದಿನ ನೋಡಿದರೂ ಹಾಗೇ ಇತ್ತು. ನಾಡಿದ್ದು ಹೋಗಬೇಕಾದವಳು ಹೋಗಲಿಲ್ಲ. ಸಮವಸ್ತ್ರ ಹೊಲಿದುಕೊಡುವ ಕೆಲಸ ಕುತ್ತಿಗೆಗೆ ಬಂದಿತ್ತು. ಗಂಡ ಸಾಮಾನು ಸಾಗಿಸುವ ವ್ಯಾನ್ ಡ್ರೈವರ್, ಊರೂರು ತಿರುಗುವವನು. ಅವನು ಫೋನಿನಲ್ಲಿ ಕೇಳಿದಾಗಲೂ, "ಮನೇಲಿ ಸರಿಯಾಗೇ ಇದೆ ರೀ, ಅಲ್ಲಿ ಹೆದರಿಕೆಗೆ ಏರಿತ್ತಂತೆ" ಎಂದಳು.

"ಸದ್ಯ. ನೀನು ಚಿಂತೆ ಮಾಡ್ಬೇಡ. ಚಿಂತೆ ಮಾಡಿದ್ರೇ ಏರೋದು" ಎಂದ ಅವನು.

ಎಲ್ಲರೂ ಹೇಳುತ್ತಿದ್ದುದು ಅದನ್ನೇ. ಚಿಂತೆ ಮಾಡಬೇಡ. ಹಾಗಾಗಿ ಮುಂದಿನ ವಾರ ತಲೆನೋವು ಶುರುವಾದಾಗ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಚಿಂತೆ ಮಾಡಿದೆಯಾ ಅನ್ನುತ್ತಾರೆ. ಬೆರಳಿನ ಉಂಗುರ ಬಿಗಿಯಾಯಿತು. ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣ ಮುಂದೆ ಏನೋ ಮಿಣುಕುತ್ತಿತ್ತು. ಕತ್ತಲೆಯಲ್ಲಿ ಹೊಲಿದಿದ್ದಕ್ಕೆ ಹೀಗಾಗಿದೆ ಎಂದುಕೊಂಡು ಕಿಟಕಿಯ ಪರದೆ ಸರಿಸಿದಳು. ಮನುಷ್ಯರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನಕ್ಕೆ ಕೊನೆ ಎಲ್ಲಿ!

ಸಿಸ್ಟರ್ ಎರಡು ಸಲ ಫೋನ್ ಮಾಡಿದ್ದರು. ಇವಳು ಬರುತ್ತೇನೆ ಎಂದಿದ್ದಳು. ಬರದಿದ್ದಾಗ ಅವರೇ ಒಂದು ಮಧ್ಯಾಹ್ನ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು ನಿಂತರು.

ಅತ್ತೆ ಕುರ್ಚಿ ಸರಿಸಿದರು, ನೀರು ಕೊಟ್ಟರು, ಆದರೆ ತಮ್ಮ ಮಾತು ಬಿಟ್ಟುಕೊಡಲಿಲ್ಲ. "ಬಿಸಿಲಲ್ಲಿ ಸುಮ್ಮನೆ ಬಂದ್ರಿ ಸಿಸ್ಟರ್. ಇವಳ ಬಿಪಿ ಚೆನ್ನಾಗಿದೆ. ದಿನಾ ನೋಡ್ತಾ ಇದ್ದೀವಿ. ನಿಮ್ಮಲ್ಲಿಗೆ ಬಂದ್ರೆ ಹೆದರಿಕೆಗೆ ಏರುತ್ತೆ."

"ಹೆದರಿಕೆಗೂ ಸ್ವಲ್ಪ ಏರುತ್ತಮ್ಮ, ಅದು ಸುಳ್ಳಲ್ಲ" ಎಂದರು ಸಿಸ್ಟರ್. "ಅದಕ್ಕೇ ಕೂರಿಸಿ ಎರಡನೇ ಸಲ ನೋಡೋದು. ಈಗ ಇದು ಅವಳ ಮನೆ. ಇಲ್ಲೂ ನೋಡೋಣ, ಆಯ್ತಾ?"

ಬೆನ್ನಿಗೆ ಗೋಡೆ ಕೊಟ್ಟು, ಪಾದ ನೆಲಕ್ಕೆ ಊರಿಸಿ, ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲೆ ಇಡಿಸಿ, ಐದು ನಿಮಿಷ ಯಾರೂ ಮಾತಾಡಬೇಡಿ ಎಂದರು. ಆ ಮನೆಯಲ್ಲಿ ಅತ್ತೆ ಐದು ನಿಮಿಷ ಸುಮ್ಮನಿದ್ದದ್ದು ಅದೇ ಮೊದಲಿರಬೇಕು. ಆಮೇಲೆ ಸಿಸ್ಟರ್ ತಮ್ಮ ಪಟ್ಟಿ ಸುತ್ತಿದರು. ನೂರ ಐವತ್ತಾರಕ್ಕೆ ನೂರ ನಾಲ್ಕು. ಸ್ವಲ್ಪ ತಡೆದು ಮತ್ತೆ ನೋಡಿದರೂ ಅಷ್ಟೇ.

"ನಿಮ್ಮ ಮಿಷನ್ ಕೆಟ್ಟಿರ್ಬೇಕು" ಎಂದರು ಅತ್ತೆ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ನಿಮ್ಮದನ್ನ ತನ್ನಿ, ನೋಡೋಣ."

ಮಾವನ ಮಿಷನ್ ಬಂತು. ಸಿಸ್ಟರ್ ಅದರ ಪಟ್ಟಿಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದರು. ಅಂಚಿನಲ್ಲಿ ಮುದ್ರಿಸಿದ್ದ ಸಂಖ್ಯೆಯ ಮೇಲೆ ಟೈಲರಮ್ಮನ ಕಣ್ಣು ಬಿತ್ತು. ಮೂವತ್ತೆರಡರಿಂದ ನಲವತ್ತೆರಡು ಸೆಂಟಿಮೀಟರ್. ಅವಳು ಮೊಳೆಯಿಂದ ಟೇಪು ತೆಗೆದು ತನ್ನ ತೋಳಿಗೆ ಸುತ್ತಿಕೊಂಡಳು. ಯಾರೂ ಹೇಳಿರಲಿಲ್ಲ, ಕೈ ತಾನಾಗಿಯೇ ಹೋಗಿತ್ತು. ಇಪ್ಪತ್ತಮೂರು.

"ಇದು ನನ್ನ ಅಳತೆಯದ್ದಲ್ಲ, ಸಿಸ್ಟರ್" ಎಂದಳು ಮೆಲ್ಲಗೆ.

"ಅಲ್ಲ. ದಪ್ಪ ತೋಳಿನ ಪಟ್ಟಿಯನ್ನ ಸಣ್ಣ ತೋಳಿಗೆ ಸುತ್ತಿದ್ರೆ ಇರೋದಕ್ಕಿಂತ ಕಮ್ಮಿ ತೋರಿಸುತ್ತೆ. ಸಣ್ಣ ಪಟ್ಟಿ ದಪ್ಪ ತೋಳಿಗಾದ್ರೆ ಜಾಸ್ತಿ ತೋರಿಸುತ್ತೆ. ಮಿಷನ್‌ದು ತಪ್ಪಿಲ್ಲ."

ಟೈಲರಮ್ಮ ಟೇಪಿನ ಸಂಖ್ಯೆಯನ್ನು ಇನ್ನೊಮ್ಮೆ ನೋಡಿದಳು. ಕತ್ತರಿ ಹಿಡಿದಾಗಿನಿಂದ ಒಬ್ಬರ ಅಳತೆಗೆ ಇನ್ನೊಬ್ಬರ ಬಟ್ಟೆ ಕತ್ತರಿಸಿದವಳಲ್ಲ. ಅಕ್ಕತಂಗಿಯರಾದರೂ ಬೇರೆ ಬೇರೆ ಅಳೆಯುತ್ತಿದ್ದಳು. ತನ್ನ ಹೊಟ್ಟೆಯ ಮಗುವಿನ ವಿಷಯದಲ್ಲಿ ಮಾತ್ರ ಮಾವನ ತೋಳಿನ ಪಟ್ಟಿಯನ್ನು ನಂಬಿ ಕೂತಿದ್ದಳು. ಅಲ್ಲಿಯವರೆಗೆ ಬಚ್ಚಿಟ್ಟದ್ದೆಲ್ಲ ಅಳುವಿನ ಜೊತೆ ಹೊರಗೆ ಬಂತು: ತಲೆನೋವು, ಕಣ್ಣ ಮುಂದಿನ ಮಿಣುಕು, ಬಿಗಿಯಾದ ಉಂಗುರ.

"ನಾನು ಚಿಂತೆ ಮಾಡಿದ್ದಕ್ಕೇ ಹೀಗಾಯ್ತಾ ಸಿಸ್ಟರ್? ನನ್ನಿಂದಲೇ ಆಯ್ತಾ?"

"ಇಲ್ಲಮ್ಮ." ಸಿಸ್ಟರ್ ಅವಳ ಕೈ ಹಿಡಿದುಕೊಂಡರು. "ಇದು ನಿನ್ನ ತಪ್ಪಲ್ಲ. ಕೆಲವರಿಗೆ ಬಸುರಿನಲ್ಲಿ ಹೀಗೆ ಬಿಪಿ ಏರುತ್ತೆ, ಚೊಚ್ಚಲದಲ್ಲಿ ಇನ್ನೂ ಹೆಚ್ಚು. ಎಷ್ಟೋ ಸಲ ಏನೂ ಗೊತ್ತಾಗೋದೇ ಇಲ್ಲ. ನಿನಗೆ ಗೊತ್ತಾಗಿದೆ. ಈಗ ತಡ ಮಾಡೋದು ಬೇಡ, ದೊಡ್ಡಾಸ್ಪತ್ರೆಗೆ ಹೋಗೋಣ."

ಅತ್ತೆ ಒಳಗೆ ಓಡಿ ಮಾವನ ಬಿಪಿ ಮಾತ್ರೆಯ ಸ್ಟ್ರಿಪ್ ಹಿಡಿದು ಬಂದರು. "ಇದೊಂದು ಕೊಡ್ಲಾ? ಅವರಿಗೆ ಇದರಲ್ಲೇ ಇಳಿಯೋದು."

"ಬೇಡ, ಬೇಡ. ಬೇರೆಯವರ ಬಿಪಿ ಮಾತ್ರೆ ಬಸುರಿಗೆ ಕೊಡ್ಲೇಬಾರದು. ಕೆಲವು ಮಗುವಿಗೇ ಪೆಟ್ಟು ಮಾಡ್ತವೆ. ಇವಳಿಗೆ ಯಾವುದು ಅಂತ ಡಾಕ್ಟ್ರು ಹೇಳ್ತಾರೆ."

ಅತ್ತೆ ಮಾತ್ರೆಯನ್ನು ಕೈಯಲ್ಲೇ ಹಿಡಿದು ನೆಲದ ಮೇಲೆ ಕೂತುಬಿಟ್ಟರು. ಸೊಸೆಯ ಊದಿದ ಮುಖವನ್ನು ಆಗಲೇ ಮೊದಲು ಕಂಡವರಂತೆ ನೋಡಿದರು.

"ನನ್ನ ತಂಗಿಗೂ ಹಿಂಗೇ ಮುಖ ಊದಿತ್ತು" ಎಂದರು. "ಅವಳದೂ ಚೊಚ್ಚಲ. ತಲೆನೋವು ಅಂತ ಮಲಗಿದ್ಲು. ಬಸುರಿಗೆ ಇದೆಲ್ಲ ಇದ್ದದ್ದೇ ಅಂದ್ವಿ. ಆಮೇಲೆ ಫಿಟ್ಸ್ ಬಂತು. ತಾಯಿನೂ ಉಳೀಲಿಲ್ಲ, ಮಗುನೂ ಉಳೀಲಿಲ್ಲ." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಆ ಮಿಷನ್ ಕಮ್ಮಿ ತೋರಿಸಿದಾಗ ನನಗೆಷ್ಟು ಖುಷಿಯಾಯ್ತು ಗೊತ್ತಾ ಮಗಳೇ. ಅದನ್ನೇ ನಂಬೋಣ ಅನ್ನಿಸ್ತು."

ಟೈಲರಮ್ಮನಿಗೆ ಈ ತಂಗಿಯ ವಿಷಯ ಗೊತ್ತೇ ಇರಲಿಲ್ಲ. ಅತ್ತೆಯ ಅಷ್ಟೂ ಗಟ್ಟಿ ಮಾತಿನ ಒಳಗೆ ಇದ್ದದ್ದು ಭಯ ಎಂದು ಅವಳಿಗೆ ಆಗ ಅರ್ಥವಾಯಿತು.

ಸಿಸ್ಟರ್ ಆಂಬುಲೆನ್ಸಿಗೆ ಫೋನ್ ಮಾಡಿದರು. ಅದು ಬರುವಷ್ಟರಲ್ಲಿ ಅತ್ತೆ ಬಟ್ಟೆ ತುಂಬಿಕೊಂಡು, ಅಂಗಡಿಯ ಬಾಗಿಲು ಎಳೆದುಕೊಂಡು, ಚಪ್ಪಲಿ ಮೆಟ್ಟಿ ನಿಂತಾಗಿತ್ತು.

ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿದಾಗ ಪ್ರೋಟೀನ್ ಸೋರಿ ಹೋಗುತ್ತಿರುವುದು ಕಂಡಿತು. ಬಿಪಿಯ ಜೊತೆ ಹೀಗೂ ಆದರೆ ತಾಯಿಯ ಮೂತ್ರಪಿಂಡ, ಮಿದುಳು, ಮಗುವಿನ ಬೆಳವಣಿಗೆ ಎಲ್ಲಕ್ಕೂ ಅಪಾಯ ಎಂದು ಡಾಕ್ಟರು ಬಿಡಿಸಿ ಹೇಳಿದರು. ಸುದ್ದಿ ತಿಳಿದು ಓಡಿಬಂದಿದ್ದ ಗಂಡ, ಇನ್ನಷ್ಟು ತಡವಾಗಿದ್ದರೆ ಎಂದು ಬಾಯಿ ತೆರೆದವನು ಮುಂದಕ್ಕೆ ಕೇಳಲಾರದೆ ಹೊರಗೆ ಹೋಗಿ ನಿಂತ. ಅವಳನ್ನು ಅಲ್ಲೇ ಇರಿಸಿಕೊಂಡು ಮಾತ್ರೆ, ಇಂಜೆಕ್ಷನ್ ಕೊಟ್ಟರು. ಹಗಲೂ ರಾತ್ರಿ ಬಿಪಿ ನೋಡಿದರು. ಪ್ರತಿ ಸಲ ಪಟ್ಟಿ ಉಬ್ಬುವಾಗಲೂ ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಸಂಖ್ಯೆ ಎಷ್ಟೇ ಬರಲಿ, ಅದನ್ನು ಬಚ್ಚಿಡುವುದಿಲ್ಲ ಎಂದು ಮಾತ್ರ ಗಟ್ಟಿ ಮಾಡಿಕೊಂಡಿದ್ದಳು.

ಕೆಲವು ವಾರ ಹಾಗೇ ಕಳೆಯಿತು. ಇನ್ನು ಕಾಯುವುದು ಬೇಡ ಎಂದು ಡಾಕ್ಟರು ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿದರು. ಹೆಣ್ಣು ಮಗು. ತೂಕ ಕಡಿಮೆ, ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಯಿತು. ಆದರೆ ಅಳು ಜೋರಾಗಿತ್ತು. ಹೆರಿಗೆಯಾದ ಮೇಲೂ ಟೈಲರಮ್ಮನ ಬಿಪಿ ನೋಡುವುದನ್ನು ಬಿಡಲಿಲ್ಲ. ಅದು ಹೆರಿಗೆಯ ನಂತರವೂ ಏರಬಹುದು. ಕೊನೆಗೊಂದು ಬೆಳಿಗ್ಗೆ ಮಗುವನ್ನು ತಂದು ಅವಳ ಎದೆಯ ಮೇಲೆ ಮಲಗಿಸಿದರು. ಅತ್ತೆ ಹಾಸಿಗೆಯ ಪಕ್ಕ ನಿಂತು ಮಗುವನ್ನು ನೋಡಲಿಲ್ಲ, ಸೊಸೆಯ ಮುಖವನ್ನೇ ನೋಡಿದರು.

"ತಲೆ ನೋಯ್ತಿಲ್ಲ ತಾನೇ?" ಎಂದು ಕೇಳಿದರು. "ಇಲ್ಲ ಅತ್ತೆ" ಎಂದಳು ಅವಳು. ಆಮೇಲೆ ಅತ್ತೆ ಮೊಮ್ಮಗಳತ್ತ ತಿರುಗಿದರು.

ಅಕ್ಕಂದಿರೇ, ಅಮ್ಮಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಸುರಿ ಹೆಣ್ಣುಮಗಳು ಇರಬಹುದು. ಪ್ರತಿ ತಪಾಸಣೆಯಲ್ಲೂ ಬಿಪಿ ನೋಡಿಸಿ, ಮೂತ್ರ ಪರೀಕ್ಷೆ ತಪ್ಪಿಸಬೇಡಿ. ಮನೆಯಲ್ಲಿ ಮಿಷನ್ ಇದ್ದರೆ ಆರೋಗ್ಯ ಕೇಂದ್ರಕ್ಕೆ ಒಯ್ದು, ಅದರ ಪಟ್ಟಿ ಅವಳ ತೋಳಿಗೆ ಸರಿಹೋಗುತ್ತದೆಯೇ ಎಂದು ತೋರಿಸಿಕೊಂಡು ಬನ್ನಿ. ಮೇಲಿನ ಸಂಖ್ಯೆ ನೂರ ನಲವತ್ತನ್ನಾಗಲಿ, ಕೆಳಗಿನದು ತೊಂಬತ್ತನ್ನಾಗಲಿ ಮುಟ್ಟಿದರೆ ಅವತ್ತೇ ಸಿಸ್ಟರಿಗೋ ಡಾಕ್ಟರಿಗೋ ತಿಳಿಸಿ. ಮೇಲಿನದು ನೂರ ಅರವತ್ತೋ, ಕೆಳಗಿನದು ನೂರ ಹತ್ತೋ ಆದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಇದ್ದಕ್ಕಿದ್ದಂತೆ ಊದುವುದು, ಇವುಗಳಲ್ಲಿ ಒಂದು ಕಂಡರೂ ಸಂಖ್ಯೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಮತ್ತೆ ಒಂದು ಮಾತು. ಅವಳಿಗೆ ಭಯವಾದಾಗ "ಚಿಂತೆ ಮಾಡ್ಬೇಡ" ಎಂದು ಬಾಯಿ ಮುಚ್ಚಿಸಬೇಡಿ. "ನಡಿ, ನಾನೂ ಬರ್ತೀನಿ" ಎಂದು ಎದ್ದು ಹೊರಡಿ.