ಸ್ಪಿರಿಟ್ಟಿನಲ್ಲಿ ಅದ್ದದ ನಾಲ್ಕು ಪಟ್ಟಿ

"ಎಂಟನೇ ಕ್ಲಾಸಿಗೆ ಪುಸ್ತಕ ಬಿಸಾಕಿ ಬಂದೋನ ಕೈ ಇದು. ಕೀಟಾಣು ಬೆಳೀದೆ ಇನ್ನೇನು ಬೆಳೆಯುತ್ತೆ?"

ಮುಖ್ಯಸ್ಥರು ಹೀಗೆಂದಾಗ ಪ್ರಯೋಗಾಲಯದಲ್ಲಿ ಒಂಬತ್ತು ಜನರಿದ್ದರು. ಇಬ್ಬರು ನಕ್ಕರು. ಉಳಿದವರು ನೆಲದಲ್ಲಿ ಏನೋ ಕಳೆದುಕೊಂಡವರಂತೆ ತಲೆ ತಗ್ಗಿಸಿದರು. ಮುದ್ರಣ ಯಂತ್ರ ನಡೆಸುವ ಪಟಾಕಿಯ ಕಿವಿ ಕೆಂಡವಾಯಿತು. ಮೂಗಿನ ತುದಿಯಲ್ಲೇ ಸಿಟ್ಟಿದ್ದುದರಿಂದ ಅವನಿಗೆ ಆ ಹೆಸರು ಬಿದ್ದಿತ್ತು.

ಅವನ ಯಂತ್ರ ಮುದ್ರಿಸುತ್ತಿದ್ದುದು ಕಾಗದವನ್ನಲ್ಲ. ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಪ್ಲಾಸ್ಟಿಕ್ಕಿಗೆ ಕೀಟಾಣು ಕೊಲ್ಲುವ ಔಷಧ ಬೆರೆಸಿ, ಕೂದಲೆಳೆಯಂತೆ ಪದರ ಪದರವಾಗಿ ಎರೆದು, ಮುರಿದ ಮೂಳೆಗೆ ಕೂರಿಸುವ ಪುಟ್ಟ ಪಟ್ಟಿಗಳನ್ನು ಅದು ಕಟ್ಟುತ್ತಿತ್ತು. ಮೂಳೆ ಕೂಡಿದ ಮೇಲೆ ಪಟ್ಟಿ ಮೈಯೊಳಗೇ ಕರಗಿಹೋಗಬೇಕು. ಅಲ್ಲಿಯವರೆಗೆ ಕೀವು ಹತ್ತಿರ ಸುಳಿಯಬಾರದು. ಆದರೆ ಪರೀಕ್ಷೆಗಿಟ್ಟ ಪಟ್ಟಿಗಳ ಸುತ್ತ ಈ ಸಲವೂ ಕೀಟಾಣು ಬೆಳೆದಿತ್ತು. ಅವನ ಅಕ್ಕನ ಕಾಲನ್ನು ಎರಡು ಸಲ ಕೊಯ್ದಿದ್ದರು. ಲೋಹದ ಪಟ್ಟಿ ಹಾಕಲು ಒಮ್ಮೆ, ಕೀವು ತುಂಬಿದಾಗ ಅದನ್ನೇ ಕೀಳಲು ಇನ್ನೊಮ್ಮೆ. ಈಗಲೂ ಅವಳು ಗೋಡೆ ಹಿಡಿದೇ ಬಚ್ಚಲಿಗೆ ಹೋಗುತ್ತಾಳೆ. ಈ ಯಂತ್ರ ಬಿಟ್ಟು ಅವನಿಗೆ ಬೇರೆ ಧ್ಯಾನವಿರಲಿಲ್ಲ.

"ಸೋಮವಾರದಿಂದ ಗೋದಾಮಿಗೆ ಹೋಗು," ಎಂದರು ಮುಖ್ಯಸ್ಥರು. "ಡಬ್ಬ ಜೋಡ್ಸೋಕೆ ಓದು ಬೇಡ."

"ಸಾರ್, ತಪ್ಪು ತೊಳೆಯೋದ್ರಲ್ಲಿದೆ. ಶುದ್ಧ ಆಗ್ಲಿ ಅಂತ ನೀವು ಪಟ್ಟಿಗಳನ್ನ ಒಂದು ಗಂಟೆ ಸ್ಪಿರಿಟ್ಟಲ್ಲಿ ನೆನೆಸೋಕೆ ಹೇಳಿದ್ದೀರಿ. ಔಷಧ ಎಲ್ಲ ಅದರಲ್ಲೇ ಇಳಿದು ಹೋಗುತ್ತೆ. ಸ್ಪಿರಿಟ್ಟು ಹಳದಿ ಆಗೋದನ್ನ ದಿನಾ ನೋಡ್ತೀನಿ."

"ಕೇಳಿದ್ರಾ? ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ."

ಆ ಇಬ್ಬರು ಮತ್ತೆ ನಕ್ಕರು. ಗಾಜಿನ ತಟ್ಟೆಗಳಲ್ಲಿ ಕೀಟಾಣು ಬೆಳೆಸಿ ಪಟ್ಟಿಗಳನ್ನು ಪರೀಕ್ಷಿಸುವ ಮೇಡಂ ಮಾತ್ರ ನಗಲಿಲ್ಲ. "ಅದ್ದದೆ ನಾಲ್ಕು ಕೊಡಪ್ಪ. ನೇರಳೆ ದೀಪದ ಕೆಳಗಿಟ್ಟು ಶುದ್ಧ ಮಾಡಿ ತಟ್ಟೆಗೆ ಹಾಕ್ತೀನಿ. ನೋಡೇಬಿಡೋಣ."

ಎರಡು ದಿನ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟೆದ್ದ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ.

"ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೋ?" ಎಂದಳು ಅಕ್ಕ. "ಅಷ್ಟು ನಡೆಯೋದಿದ್ರೆ ನನ್ನ ಪಾಲಿಂದೂ ಸೇರಿಸಿ ನಡಿ."

ಮೂರನೆಯ ಬೆಳಿಗ್ಗೆ ಮೇಡಂ ಎಲ್ಲರ ಮುಂದೆ ತಟ್ಟೆಗಳನ್ನು ಬೆಳಕಿಗೆ ಹಿಡಿದರು. ಸ್ಪಿರಿಟ್ಟು ಕುಡಿದ ಪಟ್ಟಿಗಳ ಅಂಚಿನವರೆಗೂ ಕೀಟಾಣು ಕೆನೆಗಟ್ಟಿತ್ತು. ಅದ್ದದ ನಾಲ್ಕರ ಸುತ್ತ ಉಗುರಗಲದ ತಿಳಿ ಉಂಗುರ. ಒಂದು ಚುಕ್ಕಿಯೂ ಒಳಗೆ ಕಾಲಿಟ್ಟಿರಲಿಲ್ಲ.

ಮುಖ್ಯಸ್ಥರು ಕನ್ನಡಕ ಒರೆಸಿ ಎರಡು ಸಲ ನೋಡಿದರು. "ನನಗೂ ಅದೇ ಅನುಮಾನ ಇತ್ತು. ಇವತ್ತಿಂದ ಸ್ಪಿರಿಟ್ಟು ಬೇಡ." ಆಮೇಲೆ ಪಟಾಕಿಯ ಕಡೆ ತಿರುಗಿದರು. "ಹೋಗ್ಲಿ, ದೊಡ್ಡ ಮನಸ್ಸು ಮಾಡಿ ನಿನ್ನ ಯಂತ್ರದಲ್ಲೇ ಇಟ್ಕೋತೀನಿ. ಖುಷಿನಾ?"

ಎಲ್ಲರೂ ಅವನ ಬಾಯಿ ನೋಡಿದರು. ನಾಲಿಗೆಯ ತುದಿಗೆ ಬಂದದ್ದು ಒಂದು ಮಾತಲ್ಲ, ಒಂದು ಮೂಟೆ. ಮಧ್ಯಾಹ್ನದೊಳಗೆ ಇನ್ನೂ ನಲವತ್ತು ಪಟ್ಟಿ ಆಗಬೇಕಿತ್ತು. ಅವನು ಹಲ್ಲು ಕಚ್ಚಿ, ಪ್ಲಾಸ್ಟಿಕ್ ಎಳೆಯ ಹೊಸ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಅವರಿಗೆ ಬೆನ್ನು ಹಾಕಿ ಯಂತ್ರದ ಕೋಣೆಯತ್ತ ನಡೆದುಬಿಟ್ಟ.